ಬಿಳಿ ಬೆಳಕಿಗೆ ಆರು ಆಂಪಿಯರ್

ತಾತನ ತೇಗದ ಬೀರುವಿನ ಬಾಗಿಲು ತೆಗೆಸಿ, ಗಾಜಿನ ಹಲಗೆ ಕೂರಿಸಿ ಮನೆಯಲ್ಲೊಂದು ಬಾರ್ ಮಾಡಿಕೊಂಡೆ. ಅಮ್ಮ ಒಮ್ಮೆ ನೋಡಿ, 'ಇದ್ರಲ್ಲಿ ನಿಮ್ಮ ತಾತ ಮಡಿಪಂಚೆ ಇಡ್ತಿದ್ರು ಕಣೋ' ಅಂದು ಅಡುಗೆಮನೆಗೆ ಹೋದಳು. ಅದರ ಮೇಲೆ ಚರ್ಚೆ ಇಲ್ಲ.

ಬಾಟಲಿಗಳ ಹಿಂದೆ ಬಣ್ಣದ ಬೆಳಕು ಬರಲಿ ಎಂದು ಐದು ಮೀಟರ್ ಎಲ್ಇಡಿ ಪಟ್ಟಿ ತಂದು ಅಂಟಿಸಿದೆ. ಮನೆಯಲ್ಲಿ ಹಳೆ ಮೋಡೆಮ್‌ನ ಅಡಾಪ್ಟರ್ ಬಿದ್ದಿತ್ತು. ಪಟ್ಟಿಗೂ 12 ವೋಲ್ಟ್, ಅದಕ್ಕೂ 12 ವೋಲ್ಟ್, ಇನ್ನೇನು ಬೇಕು? ರಿಮೋಟ್‌ನಲ್ಲಿ ಕೆಂಪು ಒತ್ತಿದೆ, ಸೊಗಸಾಗಿ ಉರಿಯಿತು. ಬಿಳಿ ಒತ್ತಿದ್ದೇ ತಡ, ಇಡೀ ಬೀರು ಕಣ್ಣು ಮಿಟುಕಿಸತೊಡಗಿತು. ಅಡಾಪ್ಟರ್ ಮುಟ್ಟಿದರೆ ಕಾದ ತವಾ.

ಪಟ್ಟಿ ಕೆಟ್ಟಿದೆ ಎಂದು ಶನಿವಾರ ಬೆಂಗಳೂರಿನ ಎಸ್‌ಪಿ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಜಗಳಕ್ಕೇ ಹೋದೆ. ಅಂಗಡಿಯವರು ಪಟ್ಟಿಯನ್ನು ನೋಡಲೇ ಇಲ್ಲ. 'ಅಡಾಪ್ಟರ್ ಎಷ್ಟು ಆಂಪ್ಸು ಸಾರ್?' ಎಂದರು. ಎರಡು. 'ಮೀಟರಿಗೆ 14.4 ವ್ಯಾಟ್, ಐದು ಮೀಟರಿಗೆ 72. ಹನ್ನೆರಡರಿಂದ ಭಾಗಿಸಿ.' ಆರು ಆಂಪಿಯರ್! ಕೆಂಪಿಗೆ ಅದರಲ್ಲಿ ಮೂರನೇ ಒಂದು ಭಾಗ ಸಾಕು. ಬಿಳಿ ಎಂದರೆ ಕೆಂಪು, ಹಸಿರು, ನೀಲಿ ಮೂರೂ ಒಟ್ಟಿಗೆ ಉರಿಯಬೇಕು. ಜಗಳವನ್ನು ಜೇಬಿಗೆ ಹಾಕಿಕೊಂಡು ಹತ್ತು ಆಂಪಿಯರ್‌ನ ಎಸ್ಎಂಪಿಎಸ್ (ಮನೆಯ ಕರೆಂಟನ್ನು 12 ವೋಲ್ಟ್‌ಗೆ ಇಳಿಸಿ ಕೊಡುವ ಪೆಟ್ಟಿಗೆ) ಕೊಂಡೆ. ಏಳೆಂಟು ಆಂಪಿಯರ್‌ನದು ಸಾಲುತ್ತಿತ್ತು, ಆದರೆ ಯಾವಾಗಲೂ ಏದುಸಿರು ಬಿಡುತ್ತಾ ದುಡಿಯುವುದು ಬೇಡ ಎನಿಸಿತು.

ಆ ಎಸ್ಎಂಪಿಎಸ್‌ನ ವೈರ್ ಬಿಗಿಯುವ ಟರ್ಮಿನಲ್‌ಗಳಲ್ಲಿ ಮನೆಯ 230 ವೋಲ್ಟ್ ಬಹುತೇಕ ಬಯಲಲ್ಲೇ ಇರುತ್ತದೆ. ಐಸು, ನೀರು ಚೆಲ್ಲುವ ಜಾಗ ಬೇರೆ. ಹಾಗಾಗಿ ತೂತುಗಳಿರುವ ಡಬ್ಬಿಯಲ್ಲಿಟ್ಟು, ಬೀರುವಿನ ಹಿಂಬದಿ ಎತ್ತರದಲ್ಲಿ ಬಿಗಿದು, ಅರ್ಥ್ ವೈರನ್ನೂ ಎಳೆದೆ.

ಈಗ ಮಿಟುಕಾಟ ನಿಂತಿತು. ಆದರೆ ಮೊದಲ ಹಲಗೆಯಲ್ಲಿ ಹಾಲುಬಿಳುಪಾಗಿದ್ದ ಬೆಳಕು ಕೊನೆಯ ಹಲಗೆಗೆ ಬರುವಷ್ಟರಲ್ಲಿ ಕೆಂಪಗಾಗುತ್ತಿತ್ತು. ಪಟ್ಟಿಯ ತೆಳು ತಾಮ್ರದಲ್ಲಿ ವೋಲ್ಟೇಜ್ ಸೋರಿಹೋಗುತ್ತದಂತೆ. ಹೆಚ್ಚು ವೋಲ್ಟೇಜ್ ಕೇಳುವ ನೀಲಿ, ಹಸಿರು ಮೊದಲು ಸೊರಗುತ್ತವೆ. ರಿಮೋಟ್ ಮಾತು ಕೇಳುವ ಪುಟ್ಟ ಡಬ್ಬಿ, ಅಂದರೆ ಕಂಟ್ರೋಲರ್‌ನಿಂದ ಇನ್ನೂ ನಾಲ್ಕು ವೈರ್ ಎಳೆದು ಕೊನೆಯ ತುದಿಗೂ ಬೆಸುಗೆ ಹಾಕಿದೆ. ಬೆರಳು ಎರಡು ಕಡೆ ಸುಟ್ಟುಕೊಂಡರೂ ಬಿಳುಪು ಸಮನಾಯಿತು.

ರಾತ್ರಿ ಎಲ್ಲರನ್ನೂ ಕರೆದು ಸ್ವಿಚ್ ಹಾಕಿದೆ. 'ಮೆಡಿಕಲ್ ಶಾಪ್ ಥರ ಇದೆ ರೀ' ಎಂದಳು ಹೆಂಡತಿ. ರಿಮೋಟ್ ಕಸಿದುಕೊಂಡು ಕೆಂಪು ಒತ್ತಿದಳು. ಅಂದಿನಿಂದ ಅಲ್ಲಿ ಉರಿಯುತ್ತಿರುವುದು ಕೆಂಪೊಂದೇ, ಎರಡು ಆಂಪಿಯರ್‌ನಲ್ಲಿ.