ಹೊಳೆ ದಾಟಿದರೆ ರೊಕ್ಕ ಬೇರೆ

ಬೆಳಿಗ್ಗೆ ಬಳ್ಳಾರಿಯಲ್ಲಿ ರಾಯಚೂರು ಬಸ್ಸು ಹತ್ತಿದೆ. ಗೆಳೆಯನ ತಾತ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರೋ, ಹೈದರಾಬಾದ್ ನಿಜಾಮರ ಕಾಲದ ಒಂದು ಹತ್ತು ರೂಪಾಯಿ ನೋಟು ನೋಡೋಕೆ, ಅಷ್ಟಕ್ಕೇ.

ಸಿರುಗುಪ್ಪ ದಾಟಿ ಧಡೇಸೂಗೂರು ಸೇತುವೆ ಬಂತು. ಕೆಳಗೆ ತುಂಗಭದ್ರೆ. ಎರಡೂ ದಡದಲ್ಲಿ ಅದೇ ಭತ್ತದ ಗದ್ದೆ, ಅದೇ ಮಾತು. ಆದರೆ ಆಗ ಈ ಹೊಳೆಯೇ ಗಡಿ: ಬಳ್ಳಾರಿ ಕಡೆ ಮದ್ರಾಸ್ ಪ್ರಾಂತ್ಯ, ಬ್ರಿಟಿಷರ ಕಲ್ದಾರ್ ರೂಪಾಯಿ, ರಾಯಚೂರು ಕಡೆ ನಿಜಾಮರ ಹಾಲಿ ಸಿಕ್ಕಾ ಅನ್ನೋ ಬೇರೆ ರೂಪಾಯಿ.

ತಾತನಿಗೆ ತೊಂಬತ್ತು ದಾಟಿದೆ, ನೆನಪು ಮಾತ್ರ ಗಟ್ಟಿ. "ಏಳು ಹಾಲಿ ಕೊಟ್ರ ಆರು ಕಲ್ದಾರ ನೋಡಪ್ಪಾ. ಹೊಳಿ ದಾಟಿ ಸಂತಿಗೆ ಹೋಗೋರು ಮೊದ್ಲು ಇದೇ ಲೆಕ್ಕ ಮಾಡ್ತಿದ್ರು" ಅಂದರು.

ಆಮೇಲೆ ಪಂಚೆಯ ತುಂಡಿನಲ್ಲಿ ಸುತ್ತಿದ್ದ ನೋಟು ತೆಗೆದರು. ಮಡಿಕೆ ಬಿದ್ದ ಕಡೆ ಸೀಳಿದೆ, ಅಂಚು ಬಟ್ಟೆ ಥರ ಮೆತ್ತಗಾಗಿದೆ. ದೊಡ್ಡದಾಗಿ ಉರ್ದು, ಇಸವಿ ನಿಜಾಮರ ಆಡಳಿತದಲ್ಲಿ ಬಳಸುತ್ತಿದ್ದ ಫಸಲಿ ವರ್ಷದ ಲೆಕ್ಕದಲ್ಲಿ. ತಿರುವಿ ನೋಡಿದರೆ ಬೇರೆ ಭಾಷೆಗಳ ಜೊತೆ ನಮ್ಮ ಕನ್ನಡವೂ ಇದೆ! ನನಗೆ ಮೈ ಜುಮ್ಮೆಂದಿತು.

ಈ ಕಾಗದ ಹುಟ್ಟಿದ್ದೇ ಯುದ್ಧದಿಂದ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ಸಿಗದೆ ಬೆಲೆ ಏರುತ್ತಾ ಹೋಯಿತು. ರೂಪಾಯಿ ಅಂದರೇ ಬೆಳ್ಳಿ ನಾಣ್ಯ ಅಲ್ವಾ, ಅದನ್ನು ಕರಗಿಸಿ ಮಾರಿದರೇ ಲಾಭ ಅನ್ನೋ ಸ್ಥಿತಿ ಬಂದು ಜನ ಸಿಕ್ಕಿದ್ದನ್ನೆಲ್ಲ ಮುಚ್ಚಿಟ್ಟರು. ಬ್ರಿಟಿಷರು 1917ರಲ್ಲಿ ಒಂದು ರೂಪಾಯಿಯ ನೋಟು ತಂದರು. ಮರುವರ್ಷ, 1918ರಲ್ಲಿ, ಹೈದರಾಬಾದ್ ಸಂಸ್ಥಾನವೂ ಕಾಯ್ದೆ ಮಾಡಿ ತನ್ನದೇ ನೋಟು ಹೊರಡಿಸಿತು. ಅಚ್ಚಾಗಿದ್ದು ಲಂಡನ್ನಿನ ವಾಟರ್‌ಲೋ ಕಂಪನಿಯಲ್ಲಿ. ಹಾಗೆ ನೋಟಿನ ಕಟ್ಟುಗಳನ್ನು ಹೊತ್ತು ಬರುತ್ತಿದ್ದ 'ಈಜಿಪ್ಟ್' ಅನ್ನೋ ಹಡಗು 1922ರಲ್ಲಿ ಫ್ರಾನ್ಸ್ ಹತ್ತಿರ ಮಂಜಿನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಹತ್ತು ವರ್ಷದ ಮೇಲೆ ಮುಳುಗುಗಾರರು ಚಿನ್ನದ ಜೊತೆ ಈ ನೋಟುಗಳನ್ನೂ ಮೇಲೆತ್ತಿದರು. ಯುದ್ಧದ ಕಷ್ಟಕ್ಕೆ ಬಂದ ಹಾಲಿ ನೋಟು ನಿಜಾಮರ ಆಳ್ವಿಕೆ ಮುಗಿದ ಮೇಲೂ ಚಲಾವಣೆಯಲ್ಲಿತ್ತು. ಪೂರ್ತಿ ನಿಂತಿದ್ದು 1959ಕ್ಕೆ.

ಒಂದೇ ಬೇಜಾರು. ಯಾರೋ ಸೀಳಿಗೆ ಸೆಲ್ಲೋಟೇಪ್ ಹಚ್ಚಿದ್ದಾರೆ, ಅದರ ಅಂಟು ಹಳದಿಯಾಗಿ ಕಾಗದಕ್ಕೆ ಇಳಿದಿದೆ. ನಿಮ್ಮ ಮನೆಯಲ್ಲಿ ಇಂಥದ್ದಿದ್ದರೆ ದಯವಿಟ್ಟು ಟೇಪ್ ಹಚ್ಚಬೇಡಿ, ಲ್ಯಾಮಿನೇಷನ್ ಅಂತೂ ಬೇಡವೇ ಬೇಡ. ಸಂಜೆ ರಾಯಚೂರಿನ ತೀನ್ ಕಂದೀಲ್ ಸರ್ಕಲ್ ಹತ್ತಿರ ಹೋಗಿ, ನೋಟು ಇಡೋ ಆಲ್ಬಮ್ಮಿನ ಕವರ್ ಹುಡುಕಿ ತಂದು ತಾತನ ಕೈಗೆ ಕೊಟ್ಟೆ. ನಡುಗೋ ಕೈಯಲ್ಲೇ ನೋಟನ್ನು ಅದರೊಳಗೆ ಇಳಿಸಿದರು, ಕನ್ನಡ ಇರೋ ಮಗ್ಗಲು ಮೇಲೆ ಮಾಡಿ.