ನಿನ್ನ ಆಬೋ ಅಂದ್ರೆ ನಂಗಿಷ್ಟ

ಮಗಳು ಹಾಸ್ಟೆಲ್ಲಿಗೆ ಹೊರಡುವಾಗ ತನ್ನ ಹೆಡ್‌ಫೋನನ್ನು ನನ್ನ ಮೇಜಿನ ಮೇಲಿಟ್ಟು, "ಅಮ್ಮಾ, ಈ ಪಿಕ್ಚರ್‌ನ ಸ್ಪೀಕರಲ್ಲಿ ನೋಡ್ಬೇಡ, ಇದನ್ನ ಹಾಕ್ಕೊಂಡೇ ನೋಡು" ಅಂದಿದ್ದಳು. ಕಳೆದ ಭಾನುವಾರ ಮಧ್ಯಾಹ್ನ ಮೈಸೂರಿನಲ್ಲಿ ಜಿಟಿಜಿಟಿ ಮಳೆ. ಊಟದ ತಟ್ಟೆಗಳನ್ನು ಸಿಂಕಿನಲ್ಲೇ ಬಿಟ್ಟು 'ಲಿಜ್ ಅಂಡ್ ದ ಬ್ಲೂ ಬರ್ಡ್' ಹಾಕಿಕೊಂಡು ಕೂತೆ. ಜಪಾನಿನ ಕ್ಯೋಟೋ ಅನಿಮೇಷನ್ ಸಂಸ್ಥೆ 2018ರಲ್ಲಿ ಮಾಡಿದ ಅನಿಮೇಷನ್ ಚಿತ್ರ, ನಿರ್ದೇಶಕಿ ನವೋಕೋ ಯಮಾದಾ. ಇರುವುದು 90 ನಿಮಿಷ. ನನಗೆ ಸಂಜೆಯವರೆಗೂ ಹಿಡಿಯಿತು.

ಮೊದಲು ಬಣ್ಣಬಣ್ಣದ ಒಂದು ಕಥೆಯ ತುಣುಕು. ಆಮೇಲೆ ಶಾಲೆ. ಮಿಜೋರೆ ಎಂಬ ಹುಡುಗಿ ಹೊರಗಿನ ಮೆಟ್ಟಿಲ ಮೇಲೆ ಕಾಯುತ್ತಾ ಕೂತಿದ್ದಾಳೆ. ಯಾರೋ ಬರುವ ಸದ್ದಾಗುತ್ತದೆ, ತಲೆ ಎತ್ತುತ್ತಾಳೆ, ಅಲ್ಲ, ಮತ್ತೆ ತಗ್ಗಿಸುತ್ತಾಳೆ. ಇನ್ನೊಂದು ಹೆಜ್ಜೆ ಸದ್ದು. ಈ ಸಲ ನೊಜೋಮಿ. ಇಬ್ಬರೂ ಒಳಗೆ ಹೋಗಿ ಶೂ ಬದಲಿಸಿ ಮೆಟ್ಟಿಲು ಹತ್ತುತ್ತಾರೆ. ನೊಜೋಮಿ ಮುಂದೆ, ಎತ್ತಿ ಕಟ್ಟಿದ ಜುಟ್ಟು ಆಚೀಚೆ ತೂಗುತ್ತಿದೆ. ಮಿಜೋರೆ ನಾಲ್ಕು ಹೆಜ್ಜೆ ಹಿಂದೆ. ಮಾತು ಇಲ್ಲವೆಂದೇ ಹೇಳಬೇಕು. ಒಬ್ಬಳ ಹೆಜ್ಜೆ ಚುರುಕು, ಇನ್ನೊಬ್ಬಳದು ಮೆಲ್ಲಗೆ; ಎರಡೂ ಒಂದೇ ತಾಳಕ್ಕೆ ಬೀಳುವುದಿಲ್ಲ, ಅದೇ ಅಲ್ಲಿನ ಸಂಗೀತ. ಹಿನ್ನೆಲೆ ಸಂಗೀತ ಕೊಟ್ಟ ಕೆನ್ಸುಕೆ ಉಶಿಯೋ ಒಂದು ಶಾಲೆಗೇ ಹೋಗಿ, ಅಲ್ಲಿನ ಸಾಮಾನುಗಳನ್ನು ತಟ್ಟಿ ಉಜ್ಜಿ ಬಂದ ಸದ್ದುಗಳನ್ನು ಹಿಡಿದುಕೊಂಡು ಬಂದಿದ್ದರಂತೆ. ಮಗಳು ಹೆಡ್‌ಫೋನ್ ಯಾಕೆ ಬಿಟ್ಟುಹೋದಳು ಅಂತ ಆಗ ಗೊತ್ತಾಯಿತು.

ಮಿಜೋರೆ ಊದುವುದು ಆಬೋ, ನೊಜೋಮಿ ಫ್ಲೂಟು. ಆಬೋ ನಮ್ಮ ನಾಗಸ್ವರ, ಶಹನಾಯಿಗಳ ಹಾಗೆ ಊದುವ ತುದಿಯಲ್ಲಿ ಜೋಡಿ ನಾಲಗೆ (ರೀಡ್) ಇರುವ ವಾದ್ಯ; ಆ ನಾಲಗೆ ತಯಾರಿಸುವುದನ್ನು ಮಿಜೋರೆ ಕಿರಿಯಳೊಬ್ಬಳಿಗೆ ಹೇಳಿಕೊಡುವ ದೃಶ್ಯವೂ ಇದೆ. ಇಬ್ಬರೂ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾರೆ. ಸ್ಪರ್ಧೆಗೆ ಇವರ ಶಾಲೆಯ ಬ್ಯಾಂಡು ಆರಿಸಿಕೊಂಡ ಕೃತಿಯಲ್ಲಿ ನಾಲ್ಕು ಭಾಗ, ಮೂರನೆಯದರಲ್ಲಿ ಆಬೋ ಮತ್ತು ಫ್ಲೂಟಿನ ಸಂಭಾಷಣೆ. ಒಂಟಿಯಾಗಿದ್ದ ಲಿಜ್ ಎಂಬುವಳ ಮನೆಗೆ ನೀಲಿ ಹಕ್ಕಿಯೊಂದು ಹುಡುಗಿಯಾಗಿ ಬರುತ್ತದೆ. ಕೊನೆಗೆ ಲಿಜ್ ಅದನ್ನು ಹಾರಲು ಬಿಟ್ಟುಕೊಡುತ್ತಾಳೆ. ಈ ಕಥೆಗೆ ಕಟ್ಟಿದ ಸಂಗೀತ ಅದು. ಹಕ್ಕಿಯನ್ನು ಬಿಟ್ಟುಕೊಡುವುದು ಮಿಜೋರೆಗೆ ಅರ್ಥವೇ ಆಗುವುದಿಲ್ಲ. ಅವಳಿಗೆ ನೊಜೋಮಿ ಒಬ್ಬಳೇ ಲೋಕ.

ಒಂದು ದೃಶ್ಯವನ್ನು ಹಿಂದಕ್ಕೆ ಹಾಕಿ ಮೂರು ಸಲ ನೋಡಿದೆ. ಮಿಜೋರೆ ಜೀವಶಾಸ್ತ್ರದ ಪ್ರಯೋಗಶಾಲೆಯಲ್ಲಿದ್ದಾಳೆ, ಎದುರು ಕಟ್ಟಡದ ಕಿಟಕಿಯಲ್ಲಿ ನೊಜೋಮಿ. ಅವಳ ಫ್ಲೂಟಿಗೆ ಬಿಸಿಲು ಬಡಿದು ಮಿಜೋರೆಯ ಅಂಗಿಯ ಮೇಲೆ ಒಂದು ಬೆಳಕಿನ ಚುಕ್ಕೆ ಕುಣಿಯುತ್ತದೆ. ಇಬ್ಬರೂ ನಗುತ್ತಾರೆ. ನಗು ನಮಗೆ ಕೇಳಿಸುವುದಿಲ್ಲ. ಇಷ್ಟೇ. ಮುಖ, ಬೆರಳು, ಕೂದಲಿನ ಎಳೆ ಎಲ್ಲವನ್ನೂ ಎಷ್ಟು ನಾಜೂಕಾಗಿ ಬರೆದಿದ್ದಾರೆಂದರೆ ಇವರು ಚಿತ್ರದ ಹುಡುಗಿಯರು ಅನ್ನುವುದೇ ಮರೆತುಹೋಗುತ್ತದೆ. ಈ ಪಾತ್ರಗಳಿಗೆ ರೂಪ ಕೊಟ್ಟ ಫುತೋಶಿ ನಿಶಿಯಾ, 2019ರ ಜುಲೈ 18ರಂದು ಆ ಸ್ಟುಡಿಯೋಗೆ ಒಬ್ಬ ಬೆಂಕಿಯಿಟ್ಟಾಗ ತೀರಿಕೊಂಡ 36 ಮಂದಿಯಲ್ಲಿ ಒಬ್ಬರು. ಆ ಕೈ ಈಗಿಲ್ಲ ಅನ್ನುವುದು ನೆನಪಾದಾಗಲೆಲ್ಲ ಆ ಬೆಳಕಿನ ಚುಕ್ಕೆ ಕಣ್ಣಿಗೆ ಚುಚ್ಚುತ್ತಿತ್ತು.

ತಾಲೀಮಿನ ದೃಶ್ಯ ಬಂತು. ಅಷ್ಟು ಹೊತ್ತಿಗೆ ಇಬ್ಬರಿಗೂ ಒಂದು ಹೊಳೆದಿರುತ್ತದೆ: ಹಕ್ಕಿ ನೊಜೋಮಿಯಲ್ಲ, ಮಿಜೋರೆ. ಇಷ್ಟು ದಿನ ಗೆಳತಿಯ ಸಮಕ್ಕೆ ತನ್ನ ಉಸಿರನ್ನು ಹಿಡಿದಿಟ್ಟುಕೊಂಡಿದ್ದ ಹುಡುಗಿ ಮೊದಲ ಸಲ ಪೂರ್ತಿ ಊದುತ್ತಾಳೆ. ಆಬೋ ಏರುತ್ತಾ ಹೋಗುತ್ತದೆ, ನೊಜೋಮಿಯ ಕಣ್ಣು ತುಂಬುತ್ತದೆ, ಫ್ಲೂಟಿನ ಸ್ವರ ನಡುಗಿ ತಪ್ಪುತ್ತದೆ. ನಾನು ಚಿತ್ರ ನಿಲ್ಲಿಸಿ ವರಾಂಡಕ್ಕೆ ಹೋಗಿ ನಿಂತೆ.

ಏಳನೇ ಕ್ಲಾಸಿನಿಂದ ಸರಸ್ವತಿಪುರಂನ ಮೇಷ್ಟ್ರೊಬ್ಬರ ಮನೆಗೆ ಪಿಟೀಲು ಪಾಠಕ್ಕೆ ಹೋಗುತ್ತಿದ್ದೆ. ಪಕ್ಕದ ಬೀದಿಯ ಗೆಳತಿಯನ್ನು ನಾನೇ ಕರೆದುಕೊಂಡು ಹೋಗಿ ಸೇರಿಸಿದ್ದು. ಸರಳೆ, ಜಂಟಿ, ಅಲಂಕಾರ ದಾಟಿ ಇಬ್ಬರೂ ಜೊತೆಯಲ್ಲೇ ಮೋಹನ ರಾಗದ ವರ್ಣಕ್ಕೆ ಬಂದೆವು. ಎರಡನೇ ಕಾಲಕ್ಕೆ, ಅಂದರೆ ದುಪ್ಪಟ್ಟು ವೇಗಕ್ಕೆ, ಬಂದರೆ ನನ್ನ ಕಮಾನು ತಡವರಿಸುತ್ತಿತ್ತು, ಅವಳದೂ ತಡವರಿಸುತ್ತಿತ್ತು. ಹಾಗಂತ ನಾನು ತಿಳಿದಿದ್ದೆ. ಒಂದು ದಿನ ತಡವಾಗಿ ಹೋದೆ. ಗೇಟಿನ ಚಿಲಕಕ್ಕೆ ಕೈ ಹಾಕಿದವಳು ಹಾಗೇ ನಿಂತೆ. ಒಳಗೆ ಅವಳೊಬ್ಬಳೇ ಅದೇ ವರ್ಣ ನುಡಿಸುತ್ತಿದ್ದಳು, ಎರಡನೇ ಕಾಲ, ನೀರು ಹರಿದ ಹಾಗೆ. ನಾನು ಒಳಗೆ ಹೋಗಿ ಪಕ್ಕದಲ್ಲಿ ಕೂತು ಶ್ರುತಿ ಮಾಡಿಕೊಂಡ ಮೇಲೆ ಅವಳ ಕಮಾನು ಮತ್ತೆ ತಡವರಿಸಿತು.

ಮುಂದಿನ ತಿಂಗಳು ಎಸ್ಸೆಸ್ಸೆಲ್ಸಿ ನೆಪ ಹೇಳಿ ಪಾಠ ಬಿಟ್ಟೆ. ಅವಳಿಗೆ ಹೇಳಲಿಲ್ಲ. ಸೈಕಲ್ ತುಳಿದುಕೊಂಡು ಮನೆಗೆ ಬಂದಳು. "ಓದ್ಕೋತಿದ್ದಾಳಮ್ಮ" ಅಂತ ಅಮ್ಮನ ಕೈಲಿ ಹೇಳಿಸಿದೆ. ಒಳಕೋಣೆಯಿಂದ ಸೈಕಲ್ ಸ್ಟ್ಯಾಂಡ್ ತೆಗೆದ ಸದ್ದು ಕೇಳಿಸಿತು. ನೊಜೋಮಿಯೂ ಹಿಂದೊಮ್ಮೆ ಗೆಳತಿಗೆ ಒಂದು ಮಾತೂ ಹೇಳದೆ ಬ್ಯಾಂಡು ಬಿಟ್ಟಿರುತ್ತಾಳೆ. ನೋಡುವವರೆಲ್ಲ ಮಿಜೋರೆಯ ಪಕ್ಷ ವಹಿಸುತ್ತಾರೇನೋ. ನನ್ನ ಜೀವ ಮಾತ್ರ ಆ ಫ್ಲೂಟಿನವಳ ಹತ್ತಿರವೇ ಇತ್ತು.

ಮಳೆ ನಿಂತ ಮೇಲೆ ಉಳಿದದ್ದನ್ನು ನೋಡಿದೆ. ಮಿಜೋರೆ ಗೆಳತಿಯನ್ನು ತಬ್ಬಿಕೊಂಡು ನಿನ್ನ ನಡಿಗೆ ಇಷ್ಟ, ಕೂದಲು ಇಷ್ಟ, ಎಲ್ಲವೂ ಇಷ್ಟ ಅನ್ನುತ್ತಾಳೆ. ಬ್ಯಾಂಡಿಗೆ ನೀನೇ ಕರೆದೆ ಅಂದರೆ ನೊಜೋಮಿ, ಅದು ಸರಿಯಾಗಿ ನೆನಪಿಲ್ಲ ಅನ್ನುತ್ತಾಳೆ. ಆಮೇಲೆ ಒಂದೇ ಮಾತು, ನಿನ್ನ ಆಬೋ ಅಂದ್ರೆ ನಂಗಿಷ್ಟ. ಮಿಜೋರೆ ಕೇಳಬೇಕೆಂದಿದ್ದ ಮಾತು ಅದಲ್ಲ. ಆದರೆ ನೊಜೋಮಿಗೆ ಅದನ್ನು ಹೇಳಲು ಎಷ್ಟು ಕಷ್ಟವಾಗಿರಬೇಕು ಅಂತ ನನಗೆ ಗೊತ್ತು. ಮೂವತ್ತು ವರ್ಷವಾದರೂ ನಾನು ಹೇಳಿರಲಿಲ್ಲ.

ಅವಳೀಗ ಪುಣೆಯಲ್ಲಿ ಮಕ್ಕಳಿಗೆ ಪಿಟೀಲು ಹೇಳಿಕೊಡುತ್ತಾಳೆ. ಹಬ್ಬಕ್ಕೊಂದು ಮೆಸೇಜು, ಅಷ್ಟೇ ನಮ್ಮ ಒಡನಾಟ. ಫೋನ್ ಮಾಡಿದೆ. ಗೇಟಿನ ವಿಷಯ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಪಕ್ಕದಲ್ಲಿದ್ರೆ ನುಡಿಸೋಕೆ ಧೈರ್ಯ ಬರ್ತಿತ್ತು ಕಣೇ, ಅದಕ್ಕೇ ನಿನ್ನ ಜೊತೆಗೇ ಇರೋಣ ಅಂತಿದ್ದೆ. ನಿಮ್ಮನೆ ಕಾಂಪೌಂಡ್ ಹತ್ರ ನಿಂತು 'ಬರ್ತೀಯೇನೇ?' ಅಂತ ಕರೆದಿದ್ದು ನೆನಪಿದ್ಯಾ?" ಅಂದಳು. ನನಗೆ ಆ ಕಾಂಪೌಂಡ್ ನೆನಪಿದೆ, ಕರೆದದ್ದು ನೆನಪಿಲ್ಲ.

"ಒಂದ್ಸಲ ಆ ವರ್ಣ ನುಡಿಸೇ" ಅಂದೆ. ಪಾಠಕ್ಕೆ ಮಕ್ಕಳು ಬಂದಿದ್ದರು. ಎಂಟು ಗಂಟೆಗೆ ಅವಳೇ ಫೋನ್ ಮಾಡಿ, ಎಲ್ಲೋ ಒರಗಿಸಿಟ್ಟು, ಶ್ರುತಿ ಮಾಡಿಕೊಂಡಳು. ನಾನು ಹೆಡ್‌ಫೋನ್ ಹಾಕಿಕೊಂಡು ತೊಡೆಯ ಮೇಲೆ ತಾಳ ಹಾಕುತ್ತಾ ಕೂತೆ. ಎರಡನೇ ಕಾಲ ಬಂತು. ಅವಳು ಕಮಾನನ್ನು ತಡೆಹಿಡಿಯಲಿಲ್ಲ.