ಸಂದುಗಳಿಗೆ ಮರಳು ತುಂಬಿದ ನಾಲ್ಕು ದಿನ

ಗೇಟಿನಿಂದ ಕಾರು ನಿಲ್ಲುವ ಜಾಗದವರೆಗೆ ಕಾಂಕ್ರೀಟ್ ಬ್ಲಾಕುಗಳನ್ನು ಹಾಸಿದ ನಮ್ಮ ದಾರಿಯಲ್ಲಿ, ಬಲಗಡೆಯ ಚಕ್ರ ಹಾಯುವಲ್ಲಿ, ಒಂದು ಬ್ಲಾಕು ಕಾಲಿಟ್ಟಾಗಲೆಲ್ಲ ಟಕ್ಕೆಂದು ಸದ್ದು ಮಾಡಲು ಶುರುವಾಗಿ ಎಷ್ಟೋ ದಿನಗಳಾಗಿದ್ದವು. ನಾನು ಕೇಳಿಯೂ ಕೇಳದವನಂತೆ ದಾಟಿ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಅದರ ಮೂಲೆ ಮುರಿದು ಬಿದ್ದದ್ದನ್ನು ಕಂಡ ಮೇಲೆ, ಎರಡು ಸ್ಕ್ರೂಡ್ರೈವರುಗಳನ್ನು ಎರಡು ಬದಿಯ ಸಂದುಗಳಿಗೆ ತೂರಿಸಿ ಮೀಟಿದೆ. ಸಡಿಲವಾದ ಹಲ್ಲಿನಂತೆ ಬ್ಲಾಕು ಮೇಲೆದ್ದು ಬಂತು. ಎಲ್ಲವೂ ಹೀಗೆಯೇ ಬರುತ್ತವೇನೋ ಎಂಬ ಕುತೂಹಲಕ್ಕೆ, ಎಂದೂ ಚಕ್ರ ಹಾಯದ ಅಂಚಿನ ಒಂದು ಬ್ಲಾಕನ್ನು ಮೀಟಲು ಹೋದರೆ ಸ್ಕ್ರೂಡ್ರೈವರ್ ಬಾಗಿತೇ ಹೊರತು ಬ್ಲಾಕು ಅಲುಗಲಿಲ್ಲ. ಎರಡೂ ಒಂದೇ ಅಚ್ಚಿನವು, ಒಂದೇ ದಿನ ಕೂರಿಸಿದವು. ವ್ಯತ್ಯಾಸವಿದ್ದದ್ದು ಅವುಗಳ ಸುತ್ತಲಿನ ಮೂರು ಮಿಲಿಮೀಟರ್ ಅಗಲದ ಸಂದಿನಲ್ಲಿ. ಅಂಚಿನದರ ಸುತ್ತ ಮರಳು ಬಿಗಿದು ಕೂತಿತ್ತು. ಸದ್ದು ಮಾಡುತ್ತಿದ್ದುದರ ಸುತ್ತ ಒಂದಿಷ್ಟು ಪಾಚಿ, ಕೆಳಗೆ ಬರಿಯ ಟೊಳ್ಳು.

ಆ ಮರಳು ಎಲ್ಲಿ ಹೋಯಿತೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಏಕೆಂದರೆ ಅದನ್ನು ಕಳೆದವನು ನಾನೇ. ಹಿಂದಿನ ವರ್ಷ ಪ್ರೆಷರ್ ವಾಷರ್ ಹಿಡಿದು, ನೀರು ಕಡ್ಡಿಯಂತೆ ಚಿಮ್ಮುವ ನಳಿಕೆಯನ್ನೇ ಸಿಕ್ಕಿಸಿ, ಸಂದು ಸಂದಿಗೂ ಗುರಿಯಿಟ್ಟು ತೊಳೆದಿದ್ದೆ. ದಾರಿ ಹೊಸದರಂತೆ ಹೊಳೆಯಿತು. ಕೆಳಗಿನ ಮೋರಿಯ ಬಾಯಲ್ಲಿ ನಯವಾದ ಮರಳಿನ ಗುಡ್ಡೆ ಬಿದ್ದಿತ್ತು. ಅದನ್ನು ಕೊಳೆಯೆಂದು ತಿಳಿದು ಸಲಿಕೆಯಿಂದ ಬಾಚಿ ಹೂಕುಂಡಗಳಿಗೆ ಸುರಿದು ಕೈ ತೊಳೆದುಕೊಂಡಿದ್ದೆ.

ಸಂದಿನ ಮರಳು ಎಂದರೆ ಬಿರುಕು ಕಾಣದಿರಲೆಂದು ತುಂಬುವ ಪುಡಿ ಎಂಬುದು ಅಲ್ಲಿಯವರೆಗಿನ ನನ್ನ ತಿಳಿವಳಿಕೆ. ಇಂಥ ದಾರಿಯಲ್ಲಿ ಬ್ಲಾಕುಗಳ ನಡುವೆ ಸಿಮೆಂಟು ಇರುವುದಿಲ್ಲ. ಅಡಿಯಲ್ಲಿ ದಮ್ಮಸು ಮಾಡಿದ ಜಲ್ಲಿ, ಅದರ ಮೇಲೆ ಸುಮಾರು 30 ಮಿಲಿಮೀಟರ್ ದಪ್ಪದ ಒರಟು ಮರಳಿನ ಹಾಸು, ಅದರ ಮೇಲೆ ನಮ್ಮಲ್ಲಿರುವಂತೆ 60 ಮಿಲಿಮೀಟರ್ ದಪ್ಪದ ಬ್ಲಾಕುಗಳು, ಬದಿಗಳಲ್ಲಿ ಎಲ್ಲವನ್ನೂ ತಡೆದು ನಿಲ್ಲಿಸುವ ಕಾಂಕ್ರೀಟ್ ಅಂಚು: ಇಷ್ಟೇ ಇದರ ರಚನೆ. ಚಕ್ರವೊಂದು ಒಂದು ಬ್ಲಾಕಿನ ಮೇಲೆ ಬಂದಾಗ, ಸಂದಿನಲ್ಲಿ ಬಿಗಿದು ಕೂತ ಮರಳಿನ ಕಣಗಳು ಎರಡು ಬದಿಯ ಗೋಡೆಗಳನ್ನೂ ಒತ್ತಿ ಹಿಡಿದಿರುವುದರಿಂದ, ಆ ಬ್ಲಾಕು ಒಂಟಿಯಾಗಿ ಕೆಳಗಿಳಿಯಲಾರದೆ ಸುತ್ತಲಿನವುಗಳನ್ನೂ ತನ್ನ ಜೊತೆಗೆ ಹೊರೆಗೆ ಹೆಗಲು ಕೊಡುವಂತೆ ಎಳೆದುಕೊಳ್ಳುತ್ತದೆ. ಮರಳು ಹೋದರೆ ಪ್ರತಿಯೊಂದು ಬ್ಲಾಕೂ ತನ್ನಷ್ಟಕ್ಕೆ ತಾನು. ಅದು ತೊನೆಯುತ್ತದೆ, ಅಂಚಿಗೆ ಅಂಚು ಬಡಿದು ಚಕ್ಕೆ ಏಳುತ್ತದೆ, ಮಳೆಯ ನೀರು ನೇರವಾಗಿ ಹಾಸಿನ ಮರಳಿಗೆ ಇಳಿಯುತ್ತದೆ. ಮೇಲಿನಿಂದ ಚಕ್ರ ಒತ್ತಿದಾಗಲೆಲ್ಲ ಆ ನೀರು ಹಾಸಿನ ನುಣುಪು ಕಣಗಳನ್ನು ಹೊತ್ತು ಹೊರಗೆ ಚಿಮ್ಮುತ್ತದೆ. ನಮ್ಮ ಬಲಚಕ್ರದ ಜಾಡು ತಟ್ಟೆಯಂತೆ ತಗ್ಗಾಗಿದ್ದುದರ ಗುಟ್ಟು ಇದೇ ಆಗಿತ್ತು.

ಸೀಲರ್, ಅಂದರೆ ಬ್ಲಾಕು ಮತ್ತು ಸಂದುಗಳ ಮೇಲೆ ಹಾಯಿಸುವ ರಕ್ಷಣೆಯ ದ್ರವ, ಬಳಿಯಬೇಕೆಂಬ ವಿಚಾರ ಬಂದದ್ದು ಆಮೇಲೆ. ಅದರ ಬಗ್ಗೆ ನನಗೆ ಮೊದಲು ಇದ್ದದ್ದು ಹೊಳಪಿನ ಆಸೆ, ನಿಜ ಹೇಳಬೇಕೆಂದರೆ. ಓದುತ್ತ ಹೋದಂತೆ ಹೊಳಪಿನ ಆಸೆ ಹಿಂದೆ ಸರಿಯಿತು. ಕಾಂಕ್ರೀಟಿನೊಳಗೆ ಇಳಿದು ನೀರನ್ನು ಮಾತ್ರ ತಡೆಯುವ ಸಿಲೇನ್ ಬಗೆಯ ಸೀಲರುಗಳು ಮರಳನ್ನು ಹಿಡಿದಿಡುವುದಿಲ್ಲ. ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಬೇಕಾದರೆ ಅಕ್ರಿಲಿಕ್ ಅಥವಾ ಪಾಲಿಯುರೆಥೇನಿನಂತಹ ರಾಳವಿರುವ ಸೀಲರ್ ಬೇಕು. ನೀರು ಚಿಮುಕಿಸಿದರೆ ಗಟ್ಟಿಯಾಗುವ ಪಾಲಿಮರ್ ಮರಳೂ ಇದೆ. ಆದರೆ ಅದರ ಧೂಳು ಬ್ಲಾಕಿನ ಮುಖದ ಮೇಲೆ ಸ್ವಲ್ಪ ಉಳಿದರೂ ನೀರು ಬಿದ್ದಾಗ ಬಿಳಿಯ ಪೊರೆಯಾಗಿ ಕಚ್ಚಿಕೊಳ್ಳುತ್ತದೆ, ಮೇಲಾಗಿ ನಮ್ಮಂಥ ಕಿರಿದಾದ ಸಂದುಗಳಿಗೆ ಅದು ಸಲೀಸಾಗಿ ಇಳಿಯುವುದಿಲ್ಲ. ಕೊನೆಗೆ ದ್ರಾವಕ ಆಧಾರಿತ ಅಕ್ರಿಲಿಕ್ ಸೀಲರನ್ನೇ ಆರಿಸಿಕೊಂಡೆ.

ಮೊದಲ ದಿನ ಪೂರ್ತಿ ಕಳೆ ಮತ್ತು ಪಾಚಿಗೆ ಹೋಯಿತು. ಕಳೆ ಹಾಸಿನ ಕೆಳಗಿನಿಂದ ಮೇಲೆ ಬರುತ್ತದೆಂದು ನಂಬಿದ್ದ ನನಗೆ, ಕಿತ್ತ ಒಂದೊಂದು ಗಿಡದ ಬೇರೂ ಸಂದಿನ ಮೇಲ್ಭಾಗದ ಕಪ್ಪು ಧೂಳಿನಲ್ಲೇ ಹೆಣೆದುಕೊಂಡಿದ್ದುದು ಕಣ್ಣಿಗೆ ಬಿತ್ತು. ಗಾಳಿಯಲ್ಲಿ ಬಂದ ಬೀಜ, ಎಲೆ ಕೊಳೆತು ಆದ ಮಣ್ಣು, ಸ್ವಲ್ಪ ತೇವ: ಅಷ್ಟೇ ಸಾಕಂತೆ ಅದಕ್ಕೆ. ಕೊಕ್ಕೆಯಂತೆ ಬಾಗಿದ ಚಾಕುವಿನಿಂದ ಸಂದುಗಳನ್ನು ಸುಮಾರು 30 ಮಿಲಿಮೀಟರ್ ಆಳಕ್ಕೆ ಕೆರೆದೆ. ಕಬ್ಬಿಣದ ತಂತಿಯ ಬ್ರಷ್ಷನ್ನು ಬಳಸಲಿಲ್ಲ. ಅದರ ಎಳೆಗಳು ಮುರಿದು ಬ್ಲಾಕಿನಲ್ಲಿ ಸಿಕ್ಕಿಕೊಂಡರೆ ತುಕ್ಕಿನ ಕಲೆ ಏಳುತ್ತದೆ. ಎಂಜಿನ್ ಎಣ್ಣೆ ತೊಟ್ಟಿಕ್ಕಿದ್ದ ಜಾಗವನ್ನು ಡಿಗ್ರೀಸರ್ ಹಾಕಿ ಎರಡು ಸಲ ಉಜ್ಜಿದರೂ ಒಂದು ನೆರಳು ಉಳಿದೇ ಹೋಯಿತು. ಅಲ್ಲಲ್ಲಿ ಇದ್ದ ಬಿಳಿ ಬೂದಿಯಂಥ ಕಲೆಗಳನ್ನು ಆಮ್ಲದಿಂದ ತೆಗೆಯಬಹುದೆಂಬ ಸಲಹೆಯನ್ನು ನಾನು ಪಾಲಿಸಲಿಲ್ಲ. ಸಿಮೆಂಟಿನೊಳಗಿನ ಸುಣ್ಣ ನೀರಿನೊಂದಿಗೆ ಮೇಲೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಆಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಅದು. ಆಮ್ಲ ಅದನ್ನು ಕರಗಿಸುವುದು ನಿಜ, ಜೊತೆಗೆ ಬ್ಲಾಕಿನ ಸಿಮೆಂಟನ್ನೂ ತಿನ್ನುತ್ತದೆ. ಒಣ ಬ್ರಷ್ಷಿನಿಂದ ಉಜ್ಜಿ ಹೋದಷ್ಟನ್ನು ತೆಗೆದೆ. ಸಂಜೆ ಅದೇ ಪ್ರೆಷರ್ ವಾಷರನ್ನು ಮತ್ತೆ ಹೊರತೆಗೆದೆ, ಈ ಸಲ ಬೀಸಣಿಗೆಯಂತೆ ನೀರು ಹರಡುವ ನಳಿಕೆ ಹಾಕಿ, ನೆಲಕ್ಕೆ ಓರೆಯಾಗಿ, ಸಂದುಗಳಿಗೆ ಅಡ್ಡಲಾಗಿ ಹಿಡಿದು.

ಮರುದಿನ ತಗ್ಗಾದ ಜಾಡಿನ 14 ಬ್ಲಾಕುಗಳನ್ನು ಎತ್ತಿ, ಹಾಸಿನ ಮರಳನ್ನು ಸಡಿಲಿಸಿ, ಕಡಿಮೆ ಬಿದ್ದಲ್ಲಿ ಒರಟು ಮರಳು ಸೇರಿಸಿ, ನೇರವಾದ ಹಲಗೆಯಿಂದ ಸಮ ಮಾಡಿದೆ. ಸುತ್ತಲಿನವುಗಳಿಗಿಂತ ನಾಲ್ಕು ಮಿಲಿಮೀಟರಿನಷ್ಟು ಎತ್ತರದಲ್ಲೇ ಅವುಗಳನ್ನು ಕೂರಿಸಿದೆ, ದಮ್ಮಸಿಗೆ ಅಷ್ಟು ಇಳಿಯುತ್ತವೆ ಎಂಬ ಲೆಕ್ಕದಲ್ಲಿ. ಮೂಲೆ ಮುರಿದದ್ದಕ್ಕೆ ಬದಲಾಗಿ ಹಿತ್ತಲಿನಲ್ಲಿ ಉಳಿದಿದ್ದ ಹೊಸ ಬ್ಲಾಕನ್ನು ಇಟ್ಟು ನೋಡಿದರೆ ಅದು ಹೊಸ ಅಂಗಿಗೆ ಹಾಕಿದ ತೇಪೆಯ ತದ್ವಿರುದ್ಧ: ಹಳೆಯದರ ನಡುವೆ ಕೆಂಪಾಗಿ ಕಣ್ಣು ಕುಕ್ಕುತ್ತಿತ್ತು. ಕೊನೆಗೆ ನೆರಳಿನ ಅಂಚಿನಲ್ಲಿ ಅರ್ಧ ಗಂಟೆ ಗುದ್ದಾಡಿ ಒಂದು ಮಾಸಿದ ಬ್ಲಾಕನ್ನು ಬಿಡಿಸಿ ತಂದು ಇಲ್ಲಿಟ್ಟು, ಹೊಸದನ್ನು ಅಲ್ಲಿಗೆ ಕಳಿಸಿದೆ. ಅದು ಅಲ್ಲಿದೆಯೆಂದು ನನಗೊಬ್ಬನಿಗೇ ಗೊತ್ತು.

ಒಣಗಲು ಕಾಯುವುದೇ ಈ ಕೆಲಸದ ಕಷ್ಟದ ಭಾಗ. ಮೇಲೆ ಒಣಗಿದಂತೆ ಕಂಡರೂ ಸಂದಿನೊಳಗೆ ತೇವವಿರುತ್ತದೆ. ಸಂದಿಗೆ ತುಂಬುವ ಮರಳನ್ನು ಕುಲುಮೆಯಲ್ಲಿ ಒಣಗಿಸಿ ಮಾರುವುದು ಸುಮ್ಮನೆ ಅಲ್ಲ. ಕಣಗಳ ಮೇಲೆ ನೀರಿನ ತೆಳು ಪೊರೆಯಿದ್ದರೂ ಅವು ಒಂದಕ್ಕೊಂದು ಅಂಟಿ, ಸಂದಿನ ಬಾಯಲ್ಲೇ ಸೇತುವೆ ಕಟ್ಟಿ ನಿಲ್ಲುತ್ತವೆ, ಕೆಳಗೆ ಟೊಳ್ಳು ಹಾಗೆಯೇ ಉಳಿಯುತ್ತದೆ. ಗಾರೆ ಕೆಲಸದ ಮರಳನ್ನೇ ಹಾಕಿದರಾಗದೇ ಎಂದು ಮನೆಯಲ್ಲಿ ಕೇಳಿದರು. ಅದರಲ್ಲಿರುವ ಜೇಡಿಮಣ್ಣು ತೇವ ಹಿಡಿದಿಟ್ಟು ಕಳೆಗೆ ಮಡಿ ಹಾಸಿಕೊಡುತ್ತದೆ ಎಂದು ವಿವರಿಸುವಷ್ಟರಲ್ಲಿ ಕೇಳಿದವರು ಒಳಗೆ ಹೋಗಿದ್ದರು.

ಮೂರನೆಯ ದಿನ ಮಧ್ಯಾಹ್ನ ಮರಳು ಸುರಿದೆ. ನಮ್ಮ ದಾರಿ 10 ಮೀಟರ್ ಉದ್ದ, 4 ಮೀಟರ್ ಅಗಲ. ಬ್ಲಾಕಿನ ಅಳತೆ 200ಕ್ಕೆ 100 ಮಿಲಿಮೀಟರ್. ಸಂದು 3 ಮಿಲಿಮೀಟರ್ ಎಂದರೆ ನೆಲದ ಸುಮಾರು ಶೇಕಡಾ 4.5 ಭಾಗ ಬರಿಯ ಸಂದು. ಕೆರೆದ 30 ಮಿಲಿಮೀಟರ್ ಆಳ ತುಂಬಲು ಸುಮಾರು 80 ಕಿಲೋ ಸಾಕೆಂದು ಕಾಗದದ ಮೇಲೆ ಹೆಮ್ಮೆಯಿಂದ ಲೆಕ್ಕ ಹಾಕಿದ್ದೆ. ಮೆದು ಪೊರಕೆಯಿಂದ ಓರೆಯಾಗಿ ಗುಡಿಸುತ್ತ ತುಂಬಿದಾಗ ಲೆಕ್ಕ ಸರಿಯಿದ್ದಂತೆಯೇ ಕಂಡಿತು. ನೆಲವನ್ನು ಕಂಪಿಸಿ ದಮ್ಮಸು ಮಾಡುವ ಯಂತ್ರವಾದ ಪ್ಲೇಟ್ ಕಂಪ್ಯಾಕ್ಟರಿನ ಅಡಿಗೆ ರಬ್ಬರ್ ಹಾಳೆ ಕಟ್ಟಿ ಅದನ್ನು ಒಂದು ಸಲ ಓಡಿಸಿದ್ದೇ ತಡ, ತುಂಬಿದ್ದ ಸಂದುಗಳೆಲ್ಲ ಒಂದು ಬೆರಳು ಕೆಳಗಿಳಿದವು. ಕೆರೆದ ಆಳದ ಕೆಳಗೂ ಟೊಳ್ಳಿತ್ತು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮತ್ತೆ ಗುಡಿಸಿ, ಮತ್ತೆ ಕಂಪಿಸಿ, ಮೂರನೆಯ ಸುತ್ತಿಗೆ ಮರಳು ನಿಂತಿತು. ಒಟ್ಟು 125 ಕಿಲೋ ಹಿಡಿಯಿತು. ಎತ್ತಿ ಕೂರಿಸಿದ್ದ 14 ಬ್ಲಾಕುಗಳು ಹೇಳಿದಂತೆ ಕೇಳಿ ಸಮಕ್ಕೆ ಇಳಿದಿದ್ದವು, ಒಂದನ್ನು ಬಿಟ್ಟು.

ಮರಳನ್ನು ಬ್ಲಾಕಿನ ಮಟ್ಟಕ್ಕೇ ಬಿಡದೆ, ಬ್ಲಾಕಿನ ಮೇಲಂಚಿನ ಇಳಿಜಾರು ಮುಗಿಯುವಲ್ಲಿಗೆ, ಅಂದರೆ ಮೂರು ನಾಲ್ಕು ಮಿಲಿಮೀಟರ್ ಕೆಳಗೆ ನಿಲ್ಲಿಸಬೇಕು. ಮೇಲಕ್ಕಿದ್ದರೆ ಟಯರು ಅದನ್ನು ಕಿತ್ತುಕೊಂಡು ಹೋಗುತ್ತದೆ. ಆಮೇಲೆ ಮುಖದ ಮೇಲೆ ಉಳಿದ ಧೂಳನ್ನು ಬ್ಲೋವರನ್ನು ನೆಲಕ್ಕೆ ಸಮಾನಾಂತರವಾಗಿ ಹಿಡಿದು ಊದಿದೆ. ಅಲ್ಲಿ ಬಿಟ್ಟ ಒಂದೊಂದು ಕಣವನ್ನೂ ಸೀಲರ್ ಶಾಶ್ವತವಾಗಿ ಅಂಟಿಸಿಬಿಡುತ್ತದೆ. ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ದಾರಿಯ ಮಧ್ಯದಲ್ಲಿ ನಾಲ್ಕೂ ಕಡೆ ಟೇಪು ಹಚ್ಚಿ ಅಂಟಿಸಿ ರಾತ್ರಿ ಹಾಗೇ ಬಿಟ್ಟೆ. ಬೆಳಿಗ್ಗೆ ಹಾಳೆಯ ಒಳಮೈಯಲ್ಲಿ ಹನಿಯಿರಲಿಲ್ಲ, ಬ್ಲಾಕು ಕಪ್ಪಾಗಿರಲಿಲ್ಲ. ಒಣಗಿದೆಯೆಂದು ತೀರ್ಮಾನಿಸಿದೆ. ಹಾಳೆಯನ್ನು ಒಂದೇ ಕಡೆ ಅಂಟಿಸಿದ್ದೆ, ಅದೂ ದಿನವಿಡೀ ಬಿಸಿಲು ಬೀಳುವ ಕಡೆ.

ನಾಲ್ಕನೆಯ ದಿನ ಮೋಡವಿಲ್ಲದ, ಬಿಸಿಲಿನ್ನೂ ಏರದ ಹೊತ್ತಿನಲ್ಲಿ ಆವಿಗೆ ತಕ್ಕ ಮಾಸ್ಕು, ಕೈಗವಸು ಧರಿಸಿ, ಹತ್ತಿರದಲ್ಲಿ ಕಿಡಿ ಬೆಂಕಿ ಇಲ್ಲದಂತೆ ನೋಡಿಕೊಂಡು ಶುರುಮಾಡಿದೆ. ಮೊದಲ ಲೇಪನವನ್ನು ಬಣ್ಣದಂತೆ ಬಳಿಯಬಾರದು, ಸುರಿಯಬೇಕು. ಸ್ವಲ್ಪ ಸ್ವಲ್ಪವೇ ಸುರಿದು, ರಬ್ಬರ್ ಪಟ್ಟಿಯ ಕೋಲಿನಿಂದ ಸಂದುಗಳ ಮೇಲೆ ಹಾಯಿಸುತ್ತ ಹೋದರೆ ಮರಳು ಬಾಯಾರಿದಂತೆ ಕುಡಿಯುತ್ತದೆ, ಗುಳ್ಳೆಗಳು ಪುಟಪುಟನೆ ಏಳುತ್ತವೆ. ಕುಡಿದು ಮಿಕ್ಕದ್ದನ್ನು ಪೊರೆಗಟ್ಟುವ ಮೊದಲೇ ಮುಂದಕ್ಕೆ ತಳ್ಳಬೇಕು. ಮೊದಲ ಲೇಪನಕ್ಕೆ 12 ಲೀಟರ್ ಹಿಡಿಯಿತು. ಅದು ಒಣಗಿದ ಮೇಲೆ ರೋಲರಿನಿಂದ ತೆಳುವಾಗಿ ಕೊಟ್ಟ ಎರಡನೆಯದಕ್ಕೆ 8 ಲೀಟರ್ ಸಾಕಾಯಿತು. ಮೂರನೆಯದೊಂದು ಕೊಟ್ಟರೆ ಇನ್ನೂ ಭದ್ರವಾದೀತೆಂದು ಕೈ ತುರಿಸಿತು. ಪೊರೆ ದಪ್ಪವಾದಷ್ಟೂ ಮಳೆಯಲ್ಲಿ ಜಾರುತ್ತದೆಂದು ನೆನಪಾಗಿ ಡಬ್ಬದ ಮುಚ್ಚಳ ಹಾಕಿದೆ.

ಸಂಜೆ ಗೋಡೆಯ ಪಕ್ಕದ ನೆರಳಿನ ಮೂಲೆ ಹಾಲು ಚೆಲ್ಲಿದಂತೆ ಬೆಳ್ಳಗಾಗಿತ್ತು. ಬಿಸಿಲೇ ತಾಗದ ಆ ಎರಡು ಚದರ ಮೀಟರಿನಲ್ಲಿ ತೇವ ಉಳಿದುಕೊಂಡು, ಹೊರಬರಲು ದಾರಿಯಿಲ್ಲದೆ ಪೊರೆಯ ಕೆಳಗೆ ಸಿಕ್ಕಿಬಿದ್ದಿತ್ತು. ಹಿತ್ತಲಿನ ಹೊಸ ಬ್ಲಾಕು ಇದ್ದದ್ದೂ ಅಲ್ಲಿಯೇ. ಅದರ ಕೆಂಪು ಆ ಬಿಳುಪಿನಲ್ಲಿ ಮರೆಯಾಗಿತ್ತೆಂಬುದೊಂದೇ ಸಮಾಧಾನ. ಅದರ ಮೇಲೆಯೇ ಇನ್ನೊಂದು ಲೇಪನ ಕೊಟ್ಟು ಮುಚ್ಚಿಬಿಡುವ ಯೋಚನೆ ಬಂತು, ಹಾಗೆ ಮಾಡಿದ್ದರೆ ತೇವ ಇನ್ನಷ್ಟು ಭದ್ರವಾಗಿ ಒಳಗೇ ಕೂರುತ್ತಿತ್ತು. ವಾರದವರೆಗೆ ಬಿಟ್ಟು, ಒಂದು ಒಣ ಮಧ್ಯಾಹ್ನ ಕ್ಸೈಲೀನ್ ಎಂಬ ದ್ರಾವಕವನ್ನು ರೋಲರಿನಿಂದ ತೆಳುವಾಗಿ ಹಾಯಿಸಿದೆ. ದ್ರಾವಕದ ಅಕ್ರಿಲಿಕ್ ಪೊರೆ ಅದರಲ್ಲಿ ಮತ್ತೆ ಮೆತ್ತಗಾಗುತ್ತದೆ, ಸಿಕ್ಕಿಕೊಂಡ ತೇವ ಹೊರಬಿದ್ದು ಪೊರೆ ಪುನಃ ತಿಳಿಯಾಗಿ ಕೂರುತ್ತದೆ. ನೀರು ಆಧಾರಿತ ಸೀಲರ್ ಬಳಿದಿದ್ದರೆ ಈ ಉಪಾಯವನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಬಿಳುಪು ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ಈಗಲೂ ಇದೆ.

ಕಾರನ್ನು ಮೂರು ದಿನ ಹೊರಗೆ ನಿಲ್ಲಿಸಿದ್ದೆವು. ಒಳಗೆ ತಂದ ದಿನ ಬಲಚಕ್ರದ ಜಾಡಿನಲ್ಲಿ ನಿಂತು ಒಂದೊಂದೇ ಬ್ಲಾಕನ್ನು ಹಿಮ್ಮಡಿಯಿಂದ ಒತ್ತಿ ನೋಡಿದೆ. ಯಾವುದೂ ಸದ್ದು ಮಾಡಲಿಲ್ಲ. ಸೀಲರ್ ಗಟ್ಟಿಯಾಗಿಸಿರುವುದು ಸಂದಿನ ಮೇಲ್ಭಾಗದ ಕೆಲವೇ ಮಿಲಿಮೀಟರುಗಳನ್ನಾದ್ದರಿಂದ, ಒಂದೆರಡು ತಿಂಗಳಿಗೊಮ್ಮೆ ಸ್ಕ್ರೂಡ್ರೈವರಿನ ತುದಿಯಿಂದ ಅಲ್ಲಲ್ಲಿ ಒತ್ತಿ, ಕೆಳಗೆ ಟೊಳ್ಳಾಗಿದೆಯೇ ಎಂದು ನೋಡುತ್ತೇನೆ. ಮೋರಿಯ ಹತ್ತಿರ ಇರುವೆಗಳು ಅಂಚಿನ ಕಾಂಕ್ರೀಟಿನ ಬದಿಯಿಂದ ದಾರಿ ಮಾಡಿಕೊಂಡು ಮತ್ತೆ ಮರಳು ಹೊರಹಾಕಲು ತೊಡಗಿವೆ. ಆ ಚಿಕ್ಕ ಗುಡ್ಡೆಯನ್ನು ಬಾಚಿ ಹೂಕುಂಡಕ್ಕೆ ಹಾಕದೆ, ಗರಾಜಿನಲ್ಲಿಟ್ಟ ಮುಚ್ಚಳದ ಡಬ್ಬದಿಂದ ಒಣ ಮರಳು ತಂದು ಅವು ತೋಡಿದಷ್ಟನ್ನು ತುಂಬುತ್ತೇನೆ. ಮರುದಿನ ಅವು ಮತ್ತೆ ತೋಡಿರುತ್ತವೆ.